ಊದ್‌ಗೆ ಕಟ್ಟಿದ ಆರು ಪರದೆ

ದಿನಾ ಸಂಜೆ ದೇವರ ಮುಂದೆ ಊದಿನಕಡ್ಡಿ ಹಚ್ಚುತ್ತೇವಲ್ಲ, ಆ ಊದು ಮೂಲದಲ್ಲಿ ನಮ್ಮ ಮಾತಲ್ಲ, ಅರಬ್ಬಿಯದು. ಅಲ್ಲಿ ಊದ್ ಅಂದರೆ ಕಟ್ಟಿಗೆ. ಸುಟ್ಟರೆ ಪರಿಮಳ ಬರುವ ಕಟ್ಟಿಗೆಗೂ ಅದೇ ಹೆಸರು, ಮೀಟಿದರೆ ನಾದ ಬರುವ ವಾದ್ಯಕ್ಕೂ ಅದೇ ಹೆಸರು. ಈ ಎರಡನೇ ನಮೂನೆಯ ಊದ್ ಒಂದು ಲಿಂಗಸುಗೂರಿನ ಮನೆಯೊಂದರ ಗೋಡೆ ಮೇಲೆ ಮೂವತ್ತು ವರ್ಷಕ್ಕೂ ಮಿಕ್ಕಿ ನೇತಾಡುತ್ತಿತ್ತು. ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದರಿಂದ ನಾನು ಬಹಳ ದಿನ ಅದನ್ನು ಜೋಳ ಕೇರುವ ಯಾವುದೋ ಸಾಮಾನು ಅಂತಲೇ ತಿಳಿದಿದ್ದೆ.

ಅದು ನನ್ನ ಗೆಳೆಯನ ಮನೆ. ನಾವಿಬ್ಬರೂ ಸಿಂಧನೂರಿನಲ್ಲಿ ಪಾಠ ಹೇಳುವವರು. ಅವನು ಲಿಂಗಸುಗೂರಿನಿಂದ, ನಾನು ಮಸ್ಕಿಯಿಂದ ದಿನಾ ಒಂದೇ ಬಸ್ಸಿಗೆ ಹೋಗಿಬರುವವರು. ಅವನು ಮುಂಚೆಯೇ ಹತ್ತಿ ನನಗೆ ಸೀಟು ಹಿಡಿದಿರುತ್ತಾನೆ, ನಮ್ಮ ಗೆಳೆತನದ ಅಡಿಪಾಯ ಅದೇ. ಅವನ ಅಪ್ಪನನ್ನು ನಾನೂ ಚಾಚಾ ಅಂತಲೇ ಕರೆಯುವುದು. ಚಾಚಾ ಕುವೈತಿನಲ್ಲಿ ಹನ್ನೆರಡು ವರ್ಷ ಡ್ರೈವರ್ ಆಗಿದ್ದವರು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಅಲ್ಲಿದ್ದ ನಮ್ಮವರು ಬಸ್ಸು, ಲಾರಿ ಹಿಡಿದು ಬಾಗ್ದಾದ್ ಮೇಲೆ ಜೋರ್ಡಾನಿನ ಅಮ್ಮಾನಿಗೆ ಹೋಗಿ, ಅಲ್ಲಿಂದ ಏರ್ ಇಂಡಿಯಾ ವಿಮಾನ ಹತ್ತಿ ಮುಂಬೈಗೆ ಬಂದರು. ಎರಡು ತಿಂಗಳಲ್ಲಿ ಒಂದೂಮುಕ್ಕಾಲು ಲಕ್ಷದಷ್ಟು ಜನ. ಅದರಲ್ಲಿ ಚಾಚಾ ಒಬ್ಬರು.

ಹೊರಡುವ ಹಿಂದಿನ ರಾತ್ರಿ ಮೇಲಿನ ಮನೆಯ ಪ್ಯಾಲೆಸ್ತೀನಿ ಮಾಸ್ತರರು ಈ ಊದ್ ತಂದು ಇವರ ಕೈಗೆ ಕೊಟ್ಟರಂತೆ. ಜೊತೆಗೊಂದು ಚೀಟಿ. ಅಮ್ಮಾನಿನಲ್ಲಿ ನನ್ನ ತಮ್ಮ ಇದ್ದಾನೆ, ಅವನಿಗೆ ಮುಟ್ಟಿಸು, ಮುಂದೆ ನಾನು ತಗೊಳ್ಳುತ್ತೇನೆ ಅಂತ. ಅಮ್ಮಾನಿನಲ್ಲಿ ಚಾಚಾ ಇಳಿದದ್ದು ಗುಡಾರದ ಶಿಬಿರಕ್ಕೆ. ಚೀಟಿಯ ವಿಳಾಸ ಹುಡುಕಿ ಹೋಗೋಣ ಅನ್ನುವಷ್ಟರಲ್ಲಿ ವಿಮಾನದ ಪಟ್ಟಿಯಲ್ಲಿ ಹೆಸರು ಕೂಗಿದರು. ಹತ್ತದಿದ್ದರೆ ಮತ್ತೆ ಯಾವಾಗಲೋ. ಹತ್ತಿದರು. ಊರಿಗೆ ಬಂದಮೇಲೆ ಬರೆದ ಮೂರು ಕಾಗದಗಳಲ್ಲಿ ಒಂದು ತಿರುಗಿ ಬಂತು, ಎರಡು ಬರಲೇ ಇಲ್ಲ. 1991ರಲ್ಲಿ ಕುವೈತ್ ಬಿಡುಗಡೆ ಆದಮೇಲೆ ಅಲ್ಲಿದ್ದ ಲಕ್ಷಾಂತರ ಪ್ಯಾಲೆಸ್ತೀನಿಯರು ಊರು ಬಿಡಬೇಕಾಯ್ತು. ಮಾಸ್ತರರು ಎಲ್ಲಿ ಹೋದರು ಅಂತ ಯಾರನ್ನು ಕೇಳುವುದು?

“ಇದು ನಂದಲ್ಲ, ಅಮಾನತ್ ಐತಿ,” ಅನ್ನುತ್ತಾರೆ ಚಾಚಾ. ಅಂದರೆ ನಂಬಿ ಒಪ್ಪಿಸಿದ ವಸ್ತು. ಮೀಟುವುದಕ್ಕೆ ಅವರಿಗೆ ಬರುವುದಿಲ್ಲ. ವರ್ಷಕ್ಕೊಮ್ಮೆ ಇಳಿಸಿ, ಧೂಳು ಒರೆಸಿ, ಮತ್ತೆ ಸುತ್ತಿ ತೂಗುಹಾಕುತ್ತಾರೆ.

ಇಷ್ಟು ದಿನ ಸುಮ್ಮನಿದ್ದ ಊದ್ ಮನೆಯಲ್ಲಿ ಜಗಳ ಹಚ್ಚಿದ್ದು 2024ರ ಬ್ಯಾಸಿಗಿಯಲ್ಲಿ. ಗೆಳೆಯನ ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ. ಗಿಟಾರ್ ಚೆನ್ನಾಗಿ ನುಡಿಸುತ್ತಾಳೆ. ಹಳೇ ಯುರೋಪಿಯನ್ ಸಂಗೀತ ಕೇಳಿ ಲ್ಯೂಟ್ ಅನ್ನುವ ವಾದ್ಯದ ಹುಚ್ಚು ಹಿಡಿಸಿಕೊಂಡು ಬಂದಿದ್ದಳು. ಒಳ್ಳೇ ಲ್ಯೂಟ್ ಬೇಕೆಂದರೆ ಪರದೇಶದಿಂದ ತರಿಸಬೇಕು, ಅದು ಲಕ್ಷದ ಮಾತು. ಮನೆಗೆ ಬಂದು ಗೋಡೆ ನೋಡಿದಳು.

“ಅಂಕಲ್, ಊದೇ ಲ್ಯೂಟಿನ ಅಪ್ಪ. ಹೊಟ್ಟೆ ಎರಡಕ್ಕೂ ಒಂದೇ. ದಂಡಿ ಬದಲಾಯಿಸಿ ಪರದೆ ಕಟ್ಟಿದ್ರೆ ಆಯ್ತು. ನೀವು ಹೇಳಿದ್ರೆ ದಾದಾ ಕೇಳ್ತಾರೆ.”

ಚಾಚಾ ಅಲ್ಲೇ ಕೂತಿದ್ದರು. “ಮಾಸ್ತರ, ನೀವ ಹೇಳ್ರಿ,” ಅಂದರು, ಅಷ್ಟೆ.

ಇತಿಹಾಸ ಪಾಠ ಹೇಳುವವನಿಗೆ ಇದೊಂದು ಕಷ್ಟ. ಎಲ್ಲದಕ್ಕೂ ನಮ್ಮನ್ನು ಪಂಚಾಯ್ತಿಗೆ ಕೂರಿಸುತ್ತಾರೆ. ನಾಲ್ಕು ದಿನ ಟೈಮ್ ಕೊಡ್ರಿ ಅಂದೆ. ನಾಲ್ಕು ದಿನ ಎರಡು ತಿಂಗಳಾಯ್ತು.

ಹುಡುಗಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಲ್-ಊದ್ ಅನ್ನುವ ಅರಬ್ಬಿ ಶಬ್ದವೇ ಸ್ಪೇನಿನವರ ಬಾಯಲ್ಲಿ ಲಾಊದ್ ಆಗಿ, ಫ್ರೆಂಚರಲ್ಲಿ ಲ್ಯೂತ್ ಆಗಿ, ಇಂಗ್ಲಿಷರಲ್ಲಿ ಲ್ಯೂಟ್ ಆಯ್ತು. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನಿಂದ ಸ್ಪೇನಿನ ಕಾರ್ಡೊಬಾಕ್ಕೆ ಹೋದ ಜಿರ್‌ಯಾಬ್ ಎಂಬ ಗಾಯಕ ಊದ್‌ಗೆ ಐದನೇ ತಂತಿ ಸೇರಿಸಿದ, ಹದ್ದಿನ ಗರಿಯಿಂದ ಮೀಟುವುದನ್ನು ತಂದ ಅಂತ ಪ್ರತೀತಿ. ಸಿಸಿಲಿಯ ಪಲೆರ್ಮೊದಲ್ಲಿ 12ನೇ ಶತಮಾನದ ಅರಮನೆಯ ಚರ್ಚೊಂದಿದೆ. ಕಟ್ಟಿಸಿದವರು ಕ್ರೈಸ್ತ ದೊರೆಗಳು, ಆದರೆ ಅದರ ಮರದ ಮಾಳಿಗೆಯ ತುಂಬಾ ಅರಬ್ಬಿ ಶೈಲಿಯ ಚಿತ್ರ, ಅದರಲ್ಲಿ ಊದ್ ಹಿಡಿದು ಕೂತವರು. ಸ್ಪೇನ್, ಸಿಸಿಲಿ ಈ ಎರಡು ಬಾಗಿಲಿಂದ ಊದ್ ಯುರೋಪಿನ ಒಳಗೆ ಹೋಯಿತು.

ಹೋದದ್ದು ಹೋದ ಹಾಗೆ ಉಳಿಯಲಿಲ್ಲ. ಊದ್‌ನ ದಂಡಿ ನುಣ್ಣಗೆ, ಪರದೆ ಇಲ್ಲ. ಬೆರಳು ಎಲ್ಲಿ ಬೇಕಾದರೂ ನಿಲ್ಲಬಹುದು, ಎಲ್ಲಿಂದ ಎಲ್ಲಿಗೆ ಬೇಕಾದರೂ ಜಾರಬಹುದು. ಎರಡು ಸ್ವರಗಳ ನಡುವೆ ಇರುವ, ಹಾರ್ಮೋನಿಯಂನಲ್ಲಿ ಸಿಗದ ಸ್ವರಗಳೇ ಅರಬ್ಬಿ ಸಂಗೀತದ ಜೀವ. ಯುರೋಪಿನವರಿಗೆ ಅದು ಬೇಕಿರಲಿಲ್ಲ. ಅವರಿಗೆ ಬೇಕಾದದ್ದು ಒಂದೇ ಸಲಕ್ಕೆ ಮೂರು ನಾಲ್ಕು ಸ್ವರ, ಒಂದಕ್ಕೊಂದು ಹೊಂದಿಕೊಂಡು ಹೋಗುವ ಬೇರೆ ಬೇರೆ ಧಾಟಿಗಳು. ಒಂದು ಬೆರಳು ಕೂದಲೆಳೆಯಷ್ಟು ಆಚೀಚೆ ಆದರೂ ಕಿವಿಗೆ ಹುಳಿ. ಹಾಗಾಗಿ ದಂಡಿಗೆ ಕುರಿಕರುಳಿನ ದಾರವನ್ನು ಬಿಗಿಯಾಗಿ ಸುತ್ತಿ ಪರದೆ ಮಾಡಿದರು. ಹದಿನೈದನೇ ಶತಮಾನ ಮುಗಿಯುವ ಹೊತ್ತಿಗೆ ಗರಿಯನ್ನು ಬಿಸಾಕಿ ಬರಿಬೆರಳಿಂದ ಮೀಟತೊಡಗಿದರು. ಗರಿ ಒಂದು ಹೊತ್ತಿಗೆ ಒಂದು ಕಡೆ ಮೀಟಿದರೆ ಬೆರಳು ನಾಲ್ಕು ಕಡೆ ಮೀಟುತ್ತದೆ. 1507ರಲ್ಲಿ ವೆನಿಸ್‌ನ ಪೆತ್ರುಚ್ಚಿ ಲ್ಯೂಟ್ ಸಂಗೀತದ ಮೊದಲ ಪುಸ್ತಕ ಅಚ್ಚು ಹಾಕಿದ. ಅದರಲ್ಲಿ ಸ್ವರದ ಹೆಸರಿಲ್ಲ. ಯಾವ ತಂತಿ, ಎಷ್ಟನೇ ಪರದೆ, ಇಷ್ಟೇ. ಪರದೆ ಇಲ್ಲದಿದ್ದರೆ ಅಂಥ ಲಿಪಿಯೇ ಹುಟ್ಟುತ್ತಿರಲಿಲ್ಲ.

ಇದು ಇತಿಹಾಸವಾಯ್ತು. ನಮ್ಮ ಮುಂದಿದ್ದದ್ದು ಗರಗಸದ ಪ್ರಶ್ನೆ. ಊದ್ ತಂದು ಮಸ್ಕಿಯಲ್ಲಿ ನಮ್ಮ ಮನೆ ಪಕ್ಕದ ಬಡಗಿಗೆ ತೋರಿಸಿದೆ. ಸಾಗುವಾನಿ ಬಾಗಿಲ ಚೌಕಟ್ಟು ಮಾಡುವ ಕೈ. ಎತ್ತಿ ನೋಡಿ, “ಇದೇನ್ರೀ ಸರ, ತೂಕಾನ ಇಲ್ಲ!” ಅಂದ. ಅದರ ಹೊಟ್ಟೆ ಇಡಿಯ ಮರದ್ದಲ್ಲ. ಕಾಗದದಷ್ಟು ಅಂತ ಹೇಳಲಾರೆ, ರಟ್ಟಿನಷ್ಟು ತೆಳುವಾದ ಪಟ್ಟಿಗಳನ್ನು ಬಗ್ಗಿಸಿ, ಕಲ್ಲಂಗಡಿ ಹೋಳಿನ ಹಾಗೆ ಜೋಡಿಸಿ ಅಂಟಿಸಿದ್ದು. “ದಂಡಿ ಹೊಸಾದು ಹಾಕಾದು ಎರಡು ದಿನದ ಕೆಲಸ. ಕೊಯ್ಲೇನು?” ಅಂದ. ಬ್ಯಾಡೋ ಮಾರಾಯ ಅಂತ ಕೈ ಹಿಡಿದೆ.

ಅವತ್ತು ರಾತ್ರಿ ಟೇಪು ಹಿಡಿದು ಅಳೆದೆ. ಮೇಲಿನ ಮೇರುವಿನಿಂದ ಕೆಳಗಿನ ಕುದುರೆಯವರೆಗೆ ತಂತಿಯ ಉದ್ದ 60 ಸೆಂಟಿಮೀಟರ್. ಅದರಲ್ಲಿ ದಂಡಿ ಬರೀ 20, ಸರಿಯಾಗಿ ಮೂರನೇ ಒಂದು. ಉಳಿದ 40 ಹೊಟ್ಟೆಯ ಮೇಲೆ. ಲ್ಯೂಟಿನಲ್ಲಿ ದಂಡಿಯ ಮೇಲೆ ಎಂಟೊಂಬತ್ತು ಪರದೆಗೆ ಜಾಗ ಬೇಕು. ಒಂಬತ್ತು ಪರದೆ ಅಂದರೆ ತಂತಿಯ ನೂರರಲ್ಲಿ ನಲವತ್ತು ಪಾಲು ದಂಡಿಯಲ್ಲೇ ಇರಬೇಕು. ಹೊಟ್ಟೆಯ 40 ಸೆಂಟಿಮೀಟರ್ ಹಾಗೇ ಇಟ್ಟುಕೊಂಡು ಲೆಕ್ಕ ಹಾಕಿದರೆ ತಂತಿ 67 ಸೆಂಟಿಮೀಟರ್, ದಂಡಿ 27. ಅಂದರೆ ಇದ್ದ ದಂಡಿಯನ್ನು ಕೊಯ್ದು ಬಿಸಾಕಿ 7 ಸೆಂಟಿಮೀಟರ್ ಹೆಚ್ಚು ಉದ್ದದ ಹೊಸದನ್ನು ಕೂರಿಸಬೇಕು. ತಂತಿಯ ಎಳೆತ ಬದಲಾಗುವುದರಿಂದ ಮೇಲಿನ ತಬಲಿ ಬಿಚ್ಚಿ ಒಳಗಿನ ಅಡ್ಡಪಟ್ಟಿಗಳನ್ನೂ ಬದಲಾಯಿಸಬೇಕು. ಕೊನೆಗೆ ಹಳೇದರಲ್ಲಿ ಉಳಿಯುವುದು ಹೊಟ್ಟೆ ಮಾತ್ರ.

ಒಂದು ಸಣ್ಣ ಸಂಗತಿ ಮಾತ್ರ ನಗು ತರಿಸಿತು. ಊದ್‌ಗೆ ಹನ್ನೊಂದು ತಂತಿ. ಐದು ಜೋಡಿ, ಒಂದು ಒಂಟಿ. ಹಳೇ ಕಾಲದ ಆರು ಸಾಲಿನ ಲ್ಯೂಟಿಗೂ ಹನ್ನೊಂದೇ ತಂತಿ, ಐದು ಜೋಡಿ, ಒಂದು ಒಂಟಿ. ಆದರೆ ಊದ್‌ನಲ್ಲಿ ಒಂಟಿ ಇರುವುದು ಎಲ್ಲಕ್ಕಿಂತ ದಪ್ಪದ ಖರ್ಜದ ತಂತಿ. ಲ್ಯೂಟಿನಲ್ಲಿ ಒಂಟಿ ಎಲ್ಲಕ್ಕಿಂತ ಸಣ್ಣದು, ಹಾಡುವ ತಂತಿ. ಅಪ್ಪನ ಮನೆಯ ಒಂಟಿ ಮುದುಕ ಮಗನ ಮನೆಯಲ್ಲಿ ಒಂಟಿ ಹುಡುಗಿಯಾದ ಹಾಗೆ.

ಹುಡುಗಿಯ ಹತ್ತಿರ ಇನ್ನೊಂದು ವಾದ ಇತ್ತು. “ಯುರೋಪಿನವರು ತಮ್ಮ ಹಳೇ ಲ್ಯೂಟುಗಳನ್ನೇ ಕೊಯ್ದಾರ್ರೀ ಅಂಕಲ್. ನಾವ್ಯಾಕೆ ಮಡಿ ಮಾಡ್ಬೇಕು?” ಇದೂ ಖರೆ. ಇಟಲಿಯ ಬೊಲೊನ್ಯಾದಲ್ಲಿ ಲಾಕ್ಸ್ ಮಾಲರ್ ಅನ್ನುವ ಜರ್ಮನ್ ಕಸುಬುದಾರನಿದ್ದ. 1552ರಲ್ಲಿ ಸತ್ತಾಗ ಅವನ ಅಂಗಡಿಯಲ್ಲಿ ಸಾವಿರದಷ್ಟು ಲ್ಯೂಟ್ ಇದ್ದವಂತೆ. ಅದೊಂದು ಕಾರ್ಖಾನೆಯೇ. ನೂರು ವರ್ಷ ಕಳೆದಮೇಲೆ ಫ್ರಾನ್ಸಿನ ವಾದಕರು ಮಾಲರನ ಹಳೇ ಲ್ಯೂಟುಗಳಿಗೆ ಮುಗಿಬಿದ್ದರು. ಆದರೆ ಅಷ್ಟು ಹೊತ್ತಿಗೆ ಆರು ಸಾಲಿನ ಕಾಲ ಮುಗಿದು ಹನ್ನೊಂದು ಸಾಲಿನ ಕಾಲ ಬಂದಿತ್ತು. ಅದಕ್ಕೇ ಹೊಟ್ಟೆ ಉಳಿಸಿಕೊಂಡು, ಅಗಲವಾದ ಹೊಸ ದಂಡಿ ಹಾಕಿಸಿದರು. ಮುಂದೆ ಹದಿಮೂರು ಸಾಲು ಬಂದಾಗ ಮತ್ತೊಮ್ಮೆ ಕೊಯ್ದರು. ಇವತ್ತು ಜಗತ್ತಿನಲ್ಲಿ ಉಳಿದಿರುವ ಬೆರಳೆಣಿಕೆಯ ಮಾಲರ್ ಲ್ಯೂಟುಗಳು ಹೆಚ್ಚುಕಡಿಮೆ ಎಲ್ಲವೂ ಹೀಗೆ ಕೊಯ್ಸಿಕೊಂಡವೇ. 1700 ದಾಟಿದ ಮೇಲಂತೂ ವರ್ಸೇಲ್ಸ್‌ನ ಬಾತೋ ಎಂಬವನು ಗಿಟಾರು, ಲ್ಯೂಟುಗಳ ಹೊಟ್ಟೆಗೆ ಚಕ್ರ ಜೋಡಿಸಿ, ಹಿಡಿಕೆ ತಿರುಗಿಸಿದರೆ ಕುಯ್ಯೋ ಅನ್ನುವ ವಾದ್ಯ ಮಾಡಿಬಿಟ್ಟ. ಶ್ರೀಮಂತರ ಹೆಂಗಸರು ಅದಕ್ಕೆ ಮುತ್ತಿದರು.

ಕೊಯ್ದದ್ದರಿಂದಲೇ ಮಾಲರ್ ಉಳಿದ ಅನ್ನುವುದೂ ಒಂದು ನಿಜ. ಕೊಯ್ಯದೆ ಹಾಗೇ ಇಟ್ಟವನ್ನು ಹುಳ ತಿಂದವು, ಒಲೆ ತಿಂದಿತು. ಆದರೆ ಮಾಲರ್ ಕಾಲದ ದಂಡಿ ಹೇಗಿತ್ತು, ಕೈಗೆ ಎಷ್ಟು ದಪ್ಪ ಹತ್ತುತ್ತಿತ್ತು ಅಂತ ನೋಡಬೇಕೆಂದರೆ ಈಗ ಚಿತ್ರಪಟಗಳೇ ಗತಿ. ಈ ಎರಡರ ನಡುವೆ ನಾನು ಒಂದು ವಾರ ಒದ್ದಾಡಿದೆ.

ಅದೇ ವಾರ ಊದ್‌ನ ದೊಡ್ಡ ತೂತಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿದಾಗ ಒಳಗೊಂದು ಕಾಗದ ಕಂಡಿತು. ಅರ್ಧ ಹುಳ ತಿಂದ ಚೀಟಿ. ಫೋಟೋ ಹೊಡೆದು ಲಿಂಗಸುಗೂರಿನ ಮೌಲವಿಯೊಬ್ಬರಿಗೆ ತೋರಿಸಿದೆವು. ಮಾಡಿದವನ ಹೆಸರು ಹೋಗಿದೆ. “ದಿಮಶ್ಕ್” ಅಂತ ಇದೆ, ಅಂದರೆ ಡಮಾಸ್ಕಸ್. ಹಿಜರಿ ಇಸವಿಯ ಮೊದಲ ಎರಡು ಅಂಕಿ 13, ಮುಂದಿನದು ಹುಳದ ಪಾಲು. ಹಿಜರಿ 1300 ಅಂದರೆ 1882, 1399 ಅಂದರೆ 1979. ನಡುವೆ ಯಾವಾಗ ಬೇಕಾದರೂ ಆಗಿರಬಹುದು. ನಮ್ಮ ಮಸ್ಕಿಯವರಿಗೆ ಹೆಸರಿನ ಬೆಲೆ ಗೊತ್ತು. 1915ರಲ್ಲಿ ಬಂಗಾರದ ಅದಿರು ಹುಡುಕುತ್ತಾ ಬಂದ ಬೀಡನ್ ಎಂಬ ಎಂಜಿನಿಯರ್ ನಮ್ಮೂರ ಗುಡ್ಡದ ಬಂಡೆಯ ಮೇಲಿನ ಬರಹ ಕಂಡ. ಅದುವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಷ್ಟೇ ಇತ್ತು. ಇಲ್ಲಿ ಅಶೋಕ ಅಂತ ಹೆಸರೇ ಇತ್ತು. ಬಂಡೆಯ ಆ ಒಂದು ಮೂಲೆ ಒಡೆದು ಯಾರಾದರೂ ಮನೆಯ ಪಾಯಕ್ಕೆ ಹಾಕಿದ್ದರೆ? ಊದ್‌ನ ಚೀಟಿ ಅಷ್ಟು ದೊಡ್ಡದಲ್ಲ, ಒಪ್ಪಿದೆ. ಆದರೆ ತಬಲಿ ಬಿಚ್ಚುವವನ ಕೈಗೆ ಅದು ಬರೀ ಕಸ.

ಜೂನ್ 11ಕ್ಕೆ ರಾಜೀವ ತಾರಾನಾಥರು ಮೈಸೂರಿನಲ್ಲಿ ತೀರಿಕೊಂಡ ಸುದ್ದಿ ಬಂತು. ರಾಯಚೂರು ಸೀಮೆಯವರಿಗೆ ಅವರು ಸರೋದ್ ಮಾಂತ್ರಿಕರಷ್ಟೇ ಅಲ್ಲ, ಪಂಡಿತ ತಾರಾನಾಥರ ಮಗ. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ತೆಗೆದು, ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿದ ಪಂಡಿತರು. ಮಗ 1932ರಲ್ಲಿ ಹುಟ್ಟಿದ್ದು. ಹಾಡುಗಾರಿಕೆ ಕಲಿತ, ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರಾದ, ಅಲಿ ಅಕ್ಬರ್ ಖಾನರ ಸರೋದ್ ಕೇಳಿ ಅದರ ಬೆನ್ನು ಹತ್ತಿ ಕಲ್ಕತ್ತೆಗೆ ಹೋದ. ‘ಸಂಸ್ಕಾರ’ ಸಿನಿಮಾದ ಸಂಗೀತ ಅವರದೇ. ಬಸ್ಸಿನಲ್ಲಿ ಗೆಳೆಯನ ಮೊಬೈಲಿನಲ್ಲಿ ಅವರ ಒಂದು ಹಳೇ ಕಛೇರಿ ಕೇಳುತ್ತಾ ಬರುವಾಗ ನನಗೆ ಹೊಳೆಯಿತು. ಈ ಸರೋದೂ ಮಾರ್ಪಾಡಾದ ವಾದ್ಯವೇ. ಊದ್ ಲ್ಯೂಟ್ ಆದ ಹಾಗೆ ಅಫ್ಘಾನರ ರಬಾಬ್ ನಮ್ಮಲ್ಲಿ ಸರೋದ್ ಆಯ್ತು.

ಆದರೆ ದಿಕ್ಕು ತಿರುವುಮುರುವು.

ರಬಾಬ್ ಹಿಪ್ಪುನೇರಳೆ ಕಟ್ಟಿಗೆಯ ವಾದ್ಯ. ಹೊಟ್ಟೆಗೆ ಚರ್ಮ, ದಂಡಿಗೆ ಮರದ ಹಲಗೆ, ಕರುಳಿನ ತಂತಿ, ಮೇಲ್ಗಡೆ ಮೂರು ನಾಲ್ಕು ಪರದೆ. ಕುದುರೆ ಮಾರಲು, ಸಿಪಾಯಿ ಕೆಲಸಕ್ಕೆ ಬಂದ ಪಠಾಣರ ಜೊತೆ ಅದು ಹಿಂದುಸ್ತಾನಕ್ಕೆ ಬಂತು. ನಮ್ಮ ಸಂಗೀತಕ್ಕೆ ಬೇಕಾದದ್ದು ಮೀಂಡ್, ಸ್ವರದಿಂದ ಸ್ವರಕ್ಕೆ ಎಣ್ಣೆ ಹನಿದಂತೆ ಜಾರುವುದು. ಮರದ ಮೇಲೆ ಕರುಳಿನ ತಂತಿ ಜಾರುತ್ತದೆ, ಆದರೆ ನಾದ ಬೇಗ ಸಾಯುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಪರದೆ ಬಿಚ್ಚಿದರು, ಮರದ ಹಲಗೆ ಮೇಲೆ ಲೋಹದ ತಗಡು ಹೊದಿಸಿದರು, ಕರುಳು ತೆಗೆದು ಉಕ್ಕಿನ ತಂತಿ ಹಾಕಿದರು. ಲಖನೌದ ನಿಯಾಮತುಲ್ಲಾ ಖಾನರು ಮೊದಲು ಮಾಡಿದ್ದು ಅಂತ ಒಂದು ಮನೆತನ, ನಮ್ಮ ಹಿರಿಯರೇ ಅಂತ ಬಂಗಷ್ ಮನೆತನ. ಆಮೇಲೆ ಮೈಹರಿನ ಅಲ್ಲಾವುದ್ದೀನ್ ಖಾನರು ಮತ್ತು ತಮ್ಮ ಆಯತ್ ಅಲಿ ಖಾನರು ಹೊಟ್ಟೆಯನ್ನು ದೊಡ್ಡದು, ದುಂಡಗೆ ಮಾಡಿ 25 ತಂತಿಯ ಸರೋದ್ ಕಟ್ಟಿದರು. ರಾಜೀವ ತಾರಾನಾಥರು ನುಡಿಸಿದ್ದು ಆ ಮೈಹರ್ ಘರಾಣೆಯ ಸರೋದ್.

ಅಲ್ಲಿ ಪರದೆ ಕಟ್ಟಿದರು, ಇಲ್ಲಿ ಬಿಚ್ಚಿದರು. ಒಂದೇ ಬಗೆಯ ಕಟ್ಟಿಗೆ, ಒಂದೇ ಬಗೆಯ ಕರುಳು. ಕಿವಿ ಏನು ಕೇಳಿತೋ ಕೈ ಅದನ್ನು ಮಾಡಿತು.

ಹಾಗಂತ ನಮ್ಮವರಿಗೆ ಪರದೆಯ ವಿಚಾರ ಗೊತ್ತಿರಲಿಲ್ಲ ಅಂತಲ್ಲ. ನಮ್ಮ ಕೃಷ್ಣಾ-ತುಂಗಭದ್ರಾ ದೋಆಬಿಗಾಗಿ ಬಿಜಾಪುರ, ವಿಜಯನಗರ ಬಡಿದಾಡಿದ್ದು ಎಲ್ಲರಿಗೂ ಗೊತ್ತು, ಮುದಗಲ್ಲಿನ ಕೋಟೆ ಅದಕ್ಕೆ ಸಾಕ್ಷಿ. ಆದರೆ ಎರಡೂ ಕಡೆಯವರು ತಂತಿಯ ಬಗ್ಗೆ ತಲೆ ಕೆಡಿಸಿಕೊಂಡಿದ್ದು ಪಠ್ಯಪುಸ್ತಕದಲ್ಲಿ ಬರುವುದಿಲ್ಲ. 1550ರಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ ಬರೆದ. ವೀಣೆಯ ಮೇಲೆ ಮೆಟ್ಟುಗಳನ್ನು ಎಲ್ಲೆಲ್ಲಿ ಕೂರಿಸಬೇಕು, ಒಮ್ಮೆ ಕೂರಿಸಿದ ಮೆಟ್ಟು ಎಲ್ಲ ರಾಗಕ್ಕೂ ಒದಗಬೇಕೋ ಅಥವಾ ರಾಗಕ್ಕೊಮ್ಮೆ ಸರಿಸಬೇಕೋ, ಇದೇ ಅದರ ಒಂದು ಮುಖ್ಯ ಚರ್ಚೆ. ಮೂವತ್ತೊಂದು ವರ್ಷದ ಮೇಲೆ, 1581ರಲ್ಲಿ, ಇಟಲಿಯ ಲ್ಯೂಟ್ ವಾದಕ ವಿಂಚೆಂಜೊ ಗೆಲಿಲಿ ಲ್ಯೂಟಿನ ಪರದೆಗೆ ಒಂದು ಸರಳ ಲೆಕ್ಕ ಅಚ್ಚು ಹಾಕಿದ. ಈತ ದೂರದರ್ಶಕದ ಗೆಲಿಲಿಯೊನ ಅಪ್ಪ. ಒಬ್ಬರ ಹೆಸರು ಇನ್ನೊಬ್ಬರು ಕೇಳಿರಲಿಕ್ಕಿಲ್ಲ, ತಲೆನೋವು ಮಾತ್ರ ಒಂದೇ. 1565ರಲ್ಲಿ ರಾಮರಾಯನ ತಲೆ ಬಿತ್ತು. ಗೆದ್ದ ಕಡೆಯ ಬಿಜಾಪುರದಲ್ಲಿ ಮುಂದೆ ಎರಡನೇ ಇಬ್ರಾಹಿಂ ಆದಿಲ್‌ಶಾಹ ಬಂದ. ಅವನಿಗೆ ಒಂದು ತಂಬೂರದ ಮೇಲೆ ಎಷ್ಟು ಮೋಹ ಅಂದರೆ ಅದಕ್ಕೆ ಮೋತಿ ಖಾನ್ ಅಂತ ಹೆಸರಿಟ್ಟು, ತನ್ನ ದಖ್ಖನಿ ಗೀತಗಳ ‘ಕಿತಾಬ್-ಎ-ನವರಸ್’ನಲ್ಲಿ ಅದನ್ನೂ ಸೇರಿಸಿದ. ತಂಬೂರ ನುಡಿಸುತ್ತಾ ಕೂತ ಅವನ ಚಿತ್ರ ಇವತ್ತಿಗೂ ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಲಿಂಗಸುಗೂರು ಸೀಮೆ ಅವನ ರಾಜ್ಯದ್ದೇ. ಹಾಗಾಗಿ ಪಶ್ಚಿಮದಿಂದ ಬಂದ ತಂತಿವಾದ್ಯವೊಂದು ನಮ್ಮಲ್ಲಿ ಮನೆಮಂದಿಯ ಹೆಸರು ಹೊತ್ತು ಕೂತಿದ್ದು ಚಾಚಾನ ಮನೆಯಲ್ಲೇ ಮೊದಲಲ್ಲ.

ಇಷ್ಟೆಲ್ಲಾ ಓದಿ ತಲೆ ದಪ್ಪ ಆಯಿತೇ ಹೊರತು ತೀರ್ಮಾನ ಆಗಲಿಲ್ಲ. ಕಸುಬುದಾರರನ್ನೇ ಕೇಳೋಣ ಅಂತ ಗೆಳೆಯ, ಮಗಳು, ನಾನು ಊದ್ ಹೊತ್ತು ಮಿರಜಿಗೆ ಹೋದೆವು. ಮಿರಜ್ ಅಂದರೆ ತಂಬೂರಿ, ಸಿತಾರದ ಊರು. ಕತ್ತಿ, ಗುರಾಣಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಯುದ್ಧಗಳು ನಿಂತು ಕೆಲಸ ಕಡಿಮೆಯಾದಾಗ, ಹತ್ತೊಂಬತ್ತನೇ ಶತಮಾನದ ನಡುವೆ, ಫರೀದ್‌ಸಾಹೇಬರ ಕಾಲದಲ್ಲಿ ವಾದ್ಯದ ಕಸುಬಿಗೆ ತಿರುಗಿದರು. ಕತ್ತಿ ಹಿಡಿದ ಕೈಯೇ ಬುರುಡೆ ಕೊರೆಯಿತು. ಅಬ್ದುಲ್ ಕರೀಂ ಖಾನರು ಆ ಊರಲ್ಲಿ ನೆಲೆಸಿದವರು, ತಂಬೂರಿ ರಿಪೇರಿಯಲ್ಲಿ ಸ್ವತಃ ನಿಪುಣರು. 2024ರಲ್ಲೇ ಮಿರಜಿನ ಸಿತಾರ, ತಂಬೂರಿಗೆ ಭೌಗೋಳಿಕ ಸೂಚಿಕೆಯ ಮುದ್ರೆಯೂ ಬಿದ್ದಿತ್ತು.

ಅಂಗಡಿಯ ಹಿರಿಯರು ಕನ್ನಡದಲ್ಲೇ ಮಾತಾಡಿದರು. ಊದ್ ತೊಡೆ ಮೇಲೆ ಇಟ್ಟುಕೊಂಡು, ಬೆರಳ ಗೆಣ್ಣಿನಿಂದ ತಬಲಿಯನ್ನು ಅಲ್ಲಲ್ಲಿ ತಟ್ಟಿ ಕೇಳಿದರು. ಕಲ್ಲಂಗಡಿ ಕೊಳ್ಳುವಾಗ ತಟ್ಟುತ್ತೇವಲ್ಲ, ಹಾಗೆ. ಒಂದು ಕಡೆ ಅಂಟು ಬಿಟ್ಟಿತ್ತು, ಅದನ್ನು ಹುಡುಕಿದರು.

“ಅಂಟು ಹಚ್ಚಿ ಕೊಡ್ತೀನಿ. ಬಿರಡೆ ತಿರಗಂಗ ಮಾಡ್ತೀನಿ. ದಂಡಿ ಕಡೀ ಅಂದ್ರ ಕಡೀತೀನಿ, ಅದೂ ಕೆಲಸಾನ. ಆದ್ರ ಯಾರ ವಸ್ತು ಇದು?”

ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಹುಡುಗಿಯೇ, “ಅಮಾನತ್ ಐತ್ರಿ,” ಅಂದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಹಿರಿಯರು ನಕ್ಕರು. “ಹಂಗಾದ್ರ ಕಡಿಯೂದ್ಯಾಕವ್ವಾ? ನಿನಗ ಪರದೆ ಬೇಕೋ, ಹೊಸ ದಂಡಿ ಬೇಕೋ? ಸಿತಾರಕ್ಕ ಪರದೆ ಹೆಂಗ ನಿಲ್ಲತಾವು? ದಾರಲೆ ಕಟ್ಟತೀವಿ. ಕಟ್ಟಿದ್ದು ಬಿಚ್ಚಾಕ ಬರತೈತಿ.”

ಎರಡು ತಿಂಗಳು ಪುಸ್ತಕ ಮಗುಚಿದ ನನಗೆ ಇದು ಹೊಳೆದಿರಲಿಲ್ಲ. ಲ್ಯೂಟಿನ ಪರದೆ ಕಟ್ಟುವ ಪರದೆ ಅಂತ ನಾನೇ ಓದಿದ್ದೆ, ನಾನೇ ಹೇಳಿದ್ದೆ. ದಂಡಿಗೆ ಗಾಯ ಮಾಡದೆ ಸುತ್ತಿ ಗಂಟು ಹಾಕುವುದು, ಸವೆದರೆ ಕತ್ತರಿಸಿ ಬಿಸಾಕುವುದು. ಉದ್ದ ದಂಡಿ, ಒಂಬತ್ತು ಪರದೆಯ ಪೂರಾ ಲ್ಯೂಟ್ ಆಗಲಿಕ್ಕಿಲ್ಲ. ಆದರೆ ಇದ್ದ 20 ಸೆಂಟಿಮೀಟರಿನಲ್ಲಿ ಎಷ್ಟು ಹಿಡಿದರೆ ಅಷ್ಟು.

ಕುರಿಕರುಳಿನ ದಾರ ಈಗ ಎಲ್ಲಿ ಸಿಗಬೇಕು? ಮೊದಲಾದರೆ ಹತ್ತಿ ಹಿಂಜುವ ಪಿಂಜಾರರ ಬಿಲ್ಲಿಗೆ ಅದೇ ನರ ಕಟ್ಟುತ್ತಿದ್ದರು. ಆ ಬಿಲ್ಲೂ ಈಗ ಗೋಡೆಗೆ ಸೇರಿದೆ. ಹುಡುಗಿ ಓದಿ ಬಂದು ಹೇಳಿದಳು, ಲ್ಯೂಟಿನವರೂ ಈಗ ಮೀನು ಹಿಡಿಯುವ ನೈಲಾನ್ ದಾರ ಕಟ್ಟುತ್ತಾರೆ ಅಂತ. ಮೀನಿನ ದಾರಕ್ಕೆ ಸಿಂಧನೂರಿನವರು ಬೇರೆ ಊರಿಗೆ ಹೋಗಬೇಕೇ? ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳು ನಮ್ಮ ತಾಲ್ಲೂಕಿನಲ್ಲೇ ಇವೆ. ಅಲ್ಲಿನ ಒಂದು ಅಂಗಡಿಯಲ್ಲಿ 1 ಮಿಲಿಮೀಟರ್, 0.9, 0.8 ಅಂತ ಮೂರು ನಮೂನೆ ದಾರ ಕೇಳಿದೆ. “ಸರ, ಎಷ್ಟು ದೊಡ್ಡ ಮೀನ್ರೀ?” ಅಂದ. ವಾದ್ಯಕ್ಕೆ ಅಂದೆ. “ದೋತಾರಾ?” ಅಂತ ಕಣ್ಣರಳಿಸಿದ. ಅವರ ಊರಿನ ತಂತಿವಾದ್ಯ ದೋತಾರಾ. ನಮ್ಮ ಸರೋದನ್ನು ದುಂಡಗೆ ಮಾಡಿದ ಆ ಇಬ್ಬರು ಖಾನ್ ಅಣ್ಣತಮ್ಮಂದಿರ ಊರೂ ಈಗಿನ ಬಾಂಗ್ಲಾದೇಶದ ಬ್ರಾಹ್ಮಣಬಾರಿಯಾ ಕಡೆಯೇ. ಅಲ್ಲ ಅಣ್ಣಾ, ಅದರ ದೂರದ ಬಳಗ ಅಂದೆ. ದಾರಕ್ಕೆ ಹತ್ತು ರೂಪಾಯಿ ಕಡಿಮೆ ತಗೊಂಡ.

ಒಂದು ಭಾನುವಾರ ಲಿಂಗಸುಗೂರಿನ ಪಡಸಾಲೆಯಲ್ಲಿ ಕೂತೆವು. ಗೆಲಿಲಿಯ ಲೆಕ್ಕ ಬಹಳ ಸರಳ. ತಂತಿಯ ಉದ್ದವನ್ನು ಹದಿನೆಂಟು ಪಾಲು ಮಾಡು, ಒಂದು ಪಾಲಿಗೆ ಮೊದಲ ಪರದೆ. ಉಳಿದದ್ದನ್ನು ಮತ್ತೆ ಹದಿನೆಂಟು ಪಾಲು ಮಾಡು, ಒಂದು ಪಾಲಿಗೆ ಎರಡನೆಯದು. ಹೀಗೇ ಮುಂದೆ. 60 ಸೆಂಟಿಮೀಟರಿಗೆ ಮೊದಲ ಪರದೆ ಮೇರುವಿನಿಂದ 3.3ಕ್ಕೆ, ಎರಡನೆಯದು ಸುಮಾರು 6.5ಕ್ಕೆ. ಹುಡುಗಿ ಪೆನ್ಸಿಲಿನಿಂದ ಗುರುತು ಮಾಡಲು ಹೋದಾಗ ಚಾಚಾ ಕೆಮ್ಮಿದರು. ಪೆನ್ಸಿಲ್ ಬಿಟ್ಟು ಕಾಗದದ ಪಟ್ಟಿಯ ಮೇಲೆ ಗುರುತು ಹಾಕಿ ದಂಡಿಯ ಬದಿಗೆ ಹಿಡಿದೆವು. ದಪ್ಪ ದಾರ ಮೇರುವಿನ ಕಡೆ, ಸಣ್ಣದು ಹೊಟ್ಟೆಯ ಕಡೆ. ತಂತಿ ಪರದೆಗೆ ತಾಗಿ ಝರ್ರ್ ಅನ್ನತೊಡಗಿದ್ದಕ್ಕೆ ಮೇರುವಿನ ಕೆಳಗೆ ತೆಳು ರಟ್ಟಿನ ಪಟ್ಟಿ ತೂರಿಸಿ ಎತ್ತರ ಮಾಡಿದೆವು. ಏಳನೇ ಪರದೆಯ ಜಾಗ 19.8ಕ್ಕೆ ಬಂತು. ದಂಡಿ ಮುಗಿಯುವುದು 20ಕ್ಕೆ. ಎರಡು ಮಿಲಿಮೀಟರಿನಲ್ಲಿ ದಾರ ಸುತ್ತಿ ಗಂಟು ಹಾಕುವುದು ಹೆಂಗೆ? ಹೊಟ್ಟೆಯ ಬುಡ ಅಡ್ಡ ಬಂತು. ಆರಕ್ಕೇ ನಿಲ್ಲಿಸಿದೆವು.

ಸಂಜೆ ಹೊತ್ತಿಗೆ ಅವಳು ನುಡಿಸಿದಳು. ಯಾವುದೋ ನಿಧಾನದ ಇಟಲಿಯ ಹಾಡು. ಎರಡು ಸಲ ತಪ್ಪಿದಳು, ಮೂರನೇ ಪರದೆ ಜಾರಿ ಹೋಗಿ ಮತ್ತೆ ಬಿಗಿದಳು. ದನಿ ಸಣ್ಣದು, ಪಡಸಾಲೆ ದಾಟುತ್ತಿರಲಿಲ್ಲ. ಹೊರಗೆ ಟ್ರ್ಯಾಕ್ಟರ್ ಬಂದಾಗಲೆಲ್ಲ ನಿಲ್ಲಿಸಬೇಕಾಯ್ತು. ಚಾಚಾ ಕಣ್ಣು ಮುಚ್ಚಿ ಕೂತಿದ್ದರು. ಕೇಳುತ್ತಿದ್ದಾರೋ ನಿದ್ದೆ ಹತ್ತಿದೆಯೋ ತಿಳಿಯಲಿಲ್ಲ.

ಮುಗಿದಮೇಲೆ ಕಣ್ಣು ತೆರೆದು, “ಆ ಮಾಸ್ತರು ಬಾರಿಸೋ ಮುಂದ ಹಿಂಗ ಇರತಿದ್ದಿಲ್ಲ. ಅದು ಅಳತಿತ್ತು. ಇದು ಎಣಸಾಕ ಹತ್ತೈತಿ,” ಅಂದರು.

ನಾನು ಎರಡು ತಿಂಗಳು ಓದಿ ತಿಳಿದುಕೊಂಡದ್ದನ್ನು ಅವರು ಅಷ್ಟರಲ್ಲಿ ಹೇಳಿ ಮುಗಿಸಿದ್ದರು. ಹುಡುಗಿಯ ಮುಖ ಸಣ್ಣದಾಯ್ತು. ಚಾಚಾ ಊದನ್ನು ಕೈಗೆ ತಗೊಂಡು, ಹೆಬ್ಬೆರಳಿನಿಂದ ಒಂದೊಂದೇ ಗಂಟನ್ನು ಮುಟ್ಟಿ ನೋಡಿದರು.

“ಮಾಲಕ ಬಂದ ಅಂತ ತಿಳಿ. ಇವನ್ನ ಬಿಚ್ಚಾಕ ಎಷ್ಟೊತ್ತು ಬೇಕು?”

“ಐದು ನಿಮಿಷ, ದಾದಾ.”

“ಹಂಗಾದ್ರ ಇರ್ಲಿ ಬಿಡು.”

ಸೀರೆಯಲ್ಲಿ ಸುತ್ತುವ ಮೊದಲು ಒಳಗೆ ಹೋಗಿ ಒಂದು ಸಣ್ಣ ಕತ್ತರಿ ತಂದು ಜೊತೆಗೆ ಇಟ್ಟರು. ಅದು ಈಗಲೂ ಅಲ್ಲೇ ಇದೆ.